ಏಳು ಗಂಟೆಯಾಗಲಿ ಎಂದು ಕಾದದ್ದು

ಮೊದಲು ಕೆಟ್ಟದ್ದು ಬೆರಳು.

ಚಿಕ್ಕೋಡಿಯಿಂದ ರಾಯಬಾಗಕ್ಕೆ ಹೊರಡಲಿದ್ದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದೆ. ಮಷೀನಿನ ಗುಂಡಿಯನ್ನು ಒಮ್ಮೆ ಒತ್ತಲು ಹೋದರೆ ಎರಡು ಸಲ ಒತ್ತಿಹೋಯಿತು. ಒಬ್ಬರೇ ಕೂತಿದ್ದವರಿಗೆ ಇಬ್ಬರ ಟಿಕೆಟ್ ಬಂತು. ಹದಿನಾಲ್ಕು ವರ್ಷದಿಂದ ಕಂಡಕ್ಟರ್ ಆಗಿದ್ದೇನೆ. ಬಸ್ಸು ಎಷ್ಟೇ ಕುಲುಕಿದರೂ ನನ್ನ ಬೆರಳು ತಪ್ಪುತ್ತಿರಲಿಲ್ಲ. ಅಂದು ಬಸ್ಸು ಇನ್ನೂ ಸ್ಟ್ಯಾಂಡಿನಲ್ಲೇ ನಿಂತಿತ್ತು.

ಚಳಿಗೆ ಹೀಗಾಗಿರಬೇಕು ಎಂದುಕೊಂಡೆ.

ಆದರೆ ನನಗೆ ಚಳಿಯೇ ಆಗುತ್ತಿರಲಿಲ್ಲ. ಎಲ್ಲರೂ ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತುವ ಹೊತ್ತಿನಲ್ಲಿ ನನ್ನ ಕುತ್ತಿಗೆಯಲ್ಲಿ ಬೆವರು. ಹಸಿವೆಂದರೆ ಹಸಿವು. ಮೂರು ಜೋಳದ ರೊಟ್ಟಿ ತಿಂದು ಎದ್ದವಳು ಒಂದು ತಾಸಿಗೆ ಮತ್ತೆ ಡಬ್ಬಿ ತೆಗೆಯುತ್ತಿದ್ದೆ. ಆದರೂ ಯೂನಿಫಾರ್ಮ್ ದಿನದಿನಕ್ಕೆ ಸಡಿಲವಾಯಿತು. "ಭಾಳ ಸಣ್ಣ ಆಗೀರಲ್ರಿ, ಏನ್ ಮಾಡಾಕತ್ತೀರಿ?" ಎಂದು ಡಿಪೋದ ಹೆಣ್ಣುಮಕ್ಕಳು ಕೇಳಿದರೆ ಒಳಗೊಳಗೇ ಖುಷಿಪಡುತ್ತಿದ್ದೆ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆಧಾರ್ ಕಾರ್ಡ್ ಮರೆತು ಬಂದ ಮುದುಕಿಯೊಬ್ಬಳನ್ನು ಎಷ್ಟು ಬೈದೆನೆಂದರೆ, ಡ್ರೈವರ್ ಗಾಡಿಯನ್ನು ಬದಿಗೆ ನಿಲ್ಲಿಸಿ, "ಅಕ್ಕಾರ, ಸಾಕ್ ಬಿಡ್ರಿ" ಎಂದರು.

ನಿದ್ದೆ ಹೋಯಿತು.

ನನ್ನದು ಮೊದಲ ಬಸ್ಸಿನ ಡ್ಯೂಟಿ. ನಾಲ್ಕೂವರೆಗೆ ಏಳುವುದು ರೂಢಿ. ಈಗ ಮೂರಕ್ಕೇ ಎಚ್ಚರವಾಗತೊಡಗಿತು. ಗಂಡ ಬಸವರಾಜ ಕಬ್ಬಿಗೆ ನೀರು ಹಾಯಿಸಲು ಹೊಲದಲ್ಲಿರುತ್ತಿದ್ದ, ಇಲ್ಲವೆ ದಣಿದು ಮಲಗಿರುತ್ತಿದ್ದ. ಮಗಳು ಅಥಣಿಯ ಹಾಸ್ಟೆಲಿನಲ್ಲಿ. ನೆಲ ಒರೆಸುತ್ತಿದ್ದೆ. ತೊಳೆದ ಡಬ್ಬಿಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಕೂರಲಾಗುತ್ತಿರಲಿಲ್ಲ, ಮಲಗಲಾಗುತ್ತಿರಲಿಲ್ಲ. ಆಗ ಫೋನ್ ಹಿಡಿದು ಅಕ್ಕನಿಗೆ ಮೆಸೇಜ್ ಹಾಕುತ್ತಿದ್ದೆ.

ಅಕ್ಕ ಶಾಂತಾಳನ್ನು ನಿಪ್ಪಾಣಿ ಹತ್ತಿರದ ಅಕ್ಕೋಳಕ್ಕೆ ಕೊಟ್ಟಿದೆ. ನನಗಿಂತ ಆರು ವರ್ಷ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನಗೆ ತವರೆಂದರೆ ಅವಳ ಮನೆಯೇ. ಮೊದಮೊದಲು ಒಂದೋ ಎರಡೋ ಮೆಸೇಜು. "ಎದ್ದೀಯೇನು?" "ಅವ್ವನ ಇಳಕಲ್ ಸೀರಿ ನಿನ್ನ ಹಂತ್ಯಾಕ ಐತೇನು?" ಆಮೇಲೆ ಹತ್ತು, ಹದಿನೈದು. ಚಿಕ್ಕವರಿದ್ದಾಗ ನನ್ನ ಜಡೆ ಕತ್ತರಿಸಿದ್ದಳೆಂದು ಮೂರೂಕಾಲಿಗೆ ಜಗಳ ತೆಗೆದು, ನಾಲ್ಕಕ್ಕೆ ನಾನೇ ತಪ್ಪಾಯಿತೆಂದು ಬರೆದು, ಬೆರಳು ನಡುಗಿ ಅಕ್ಷರ ತಪ್ಪಿದ್ದಕ್ಕೆ ಅದನ್ನು ತಿದ್ದಿ ಇನ್ನೊಂದು ಕಳಿಸುತ್ತಿದ್ದೆ.

ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು.

"ಸುನಂದಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ. ಮುಂಜಾನಿ ಏಳರೊಳಗ ಮೆಸೇಜ್ ಹಾಕಬ್ಯಾಡ. ರಾತ್ರಿನೂ ಒಂಬತ್ತರ ಮ್ಯಾಲೆ ಬ್ಯಾಡ."

"ಸೌಂಡ್ ಬಂದ್ ಮಾಡಿ ಇಡು."

"ಹೆಂಗ್ ಇಡ್ಲಿ? ಮೋಟಾರಿನ ಫೋನ್ ಇದಕ್ಕ ಬರ್ತೈತಿ. ಆಯಿ ಬಾಜೂಕ ಮಲಗಿರ್ತಾರ. ಟಿಂಗ್ ಅಂದ ಕೂಡ್ಲೇ ಎದ್ದ ಕುಂಡರ್ತಾರ. ಆಮ್ಯಾಲೆ ಬೆಳಕ ಹರಿಯೂತನ ನಿದ್ದಿ ಇಲ್ಲ."

ಅವರ ಬಾವಿಗೆ ಕರೆಂಟ್ ಬಂದರೆ ಮೋಟಾರಿನ ಸ್ಟಾರ್ಟರಿನಿಂದ ಅಕ್ಕನ ಫೋನಿಗೆ ಕರೆ ಬರುತ್ತದೆ. ಅದಕ್ಕೇ ಅವಳ ಫೋನು ಸದಾ ಜೋರಾಗಿರುತ್ತದೆ. ಆಯಿ ಎಂದರೆ ಅಕ್ಕನ ಅತ್ತೆ. ಎಂಬತ್ತು ದಾಟಿದ್ದಾರೆ. ಅವರ ಹಿರಿಯ ಮಗ ಅಪಘಾತದಲ್ಲಿ ಹೋದ ಸುದ್ದಿಯನ್ನು ಯಾರೋ ಬೀಗರು ನಸುಕಿನಲ್ಲಿ ಮನೆಯವರ ಗ್ರೂಪಿಗೆ ಮೆಸೇಜ್ ಹಾಕಿ ತಿಳಿಸಿದ್ದರು. ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಅಂದು ನನ್ನ ಕಿವಿಗೆ ಬಿದ್ದದ್ದು "ಬ್ಯಾಡ" ಎಂಬ ಒಂದೇ ಮಾತು.

"ಅಕ್ಕ-ತಂಗೇರಿಗೂ ಟೈಮ್ ಟೇಬಲ್ ಐತೇನು? ದಿನಾ ಬಸ್ ಸ್ಟ್ಯಾಂಡಿನ್ಯಾಗ ನೋಡೋದ ಸಾಕಾಗೈತಿ ನನಗ," ಎಂದು ಫೋನ್ ಇಟ್ಟೆ.

ಸಂಜೆ ಬಸವರಾಜನಿಗೆ ಹೇಳಿದರೆ, "ಅಕ್ಕಾರು ಹೇಳಿದ್ರಾಗ ತಪ್ಪೇನೈತಿ? ಮೂರಕ್ಕ ಮಂದಿ ಮಲಗಿರ್ತಾರ," ಎಂದ. ಅವನ ಜೊತೆಯೂ ಎರಡು ದಿನ ಮಾತು ಬಿಟ್ಟೆ. ಮೂರಕ್ಕೆ ನಾನೇಕೆ ಮಲಗಿಲ್ಲ ಎಂದು ಅವನು ಕೇಳಲಿಲ್ಲ, ಅಕ್ಕ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಮೊದಲ ಬಸ್ಸಿನವಳು, ಬೇಗ ಏಳುತ್ತಾಳೆ ಎಂಬಷ್ಟರಲ್ಲಿ ಎಲ್ಲರಿಗೂ ಸಮಾಧಾನ ಸಿಕ್ಕಿತ್ತು.

ಒಂಬತ್ತು ದಿನ ಅಕ್ಕನಿಗೆ ಒಂದು ಅಕ್ಷರ ಕಳಿಸಲಿಲ್ಲ. ಮಧ್ಯಾಹ್ನವೂ ಇಲ್ಲ.

ಹತ್ತನೆಯ ದಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಯೂನಿಫಾರ್ಮಿನ ಗುಂಡಿ ಹಾಕುತ್ತಿದ್ದೆ. ಎದೆ ಎಗರಿತು. ದಿನವೂ ಜೋರಾಗಿ ಬಡಿದುಕೊಳ್ಳುತ್ತಿತ್ತು, ಅದು ಹೊಸದಲ್ಲ. ಅಂದು ತಾಳ ತಪ್ಪಿತು. ನಾಲ್ಕು ಬಡಿತ, ಒಂದು ಬಿಡುವು, ಮತ್ತೆ ಏಳೆಂಟು ಒಮ್ಮೆಲೇ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತೆ. ಬಸವರಾಜ ಕಬ್ಬಿನ ಟ್ರ್ಯಾಕ್ಟರಿನ ಜೊತೆ ಫ್ಯಾಕ್ಟರಿಯಲ್ಲಿ ಸರದಿಗೆ ನಿಂತಿದ್ದ. ಅವನಿಗೆ ಫೋನ್ ಮಾಡಿದೆ. ಹತ್ತಲಿಲ್ಲ.

ಡಿಪೋಗೆ ಫೋನ್ ಮಾಡಿ ಡ್ಯೂಟಿಗೆ ಬರುವುದಿಲ್ಲ ಎಂದೆ. ಮೂರನೆಯ ರಿಂಗಿಗೇ ಎತ್ತಿದರು. ಆ ಹೊತ್ತಿನಲ್ಲಿ ಡಿಪೋಗೆ ಫೋನ್ ಮಾಡಲು ನನಗೆ ಸಂಕೋಚವೇ ಆಗಲಿಲ್ಲ.

ಅಕ್ಕನಿಗೆ ಟೈಪ್ ಮಾಡಿದೆ. "ಎದಿ ಭಾಳ ಹಾರಾಕತ್ತೈತಿ. ಉಸಿರು ಹಿಡದಂಗ ಆಗೈತಿ. ಬಾ." ಫೋನಿನ ಮೇಲೆ ಐದು ಹತ್ತು ಎಂದಿತ್ತು.

ಕಳಿಸಲಿಲ್ಲ.

ಏಳಾಗಲಿ ಎಂದು ಕಾದೆ.

ಇದನ್ನು ಈಗ ಬರೆಯುವಾಗ ನನಗೇ ನಂಬಿಕೆಯಾಗುವುದಿಲ್ಲ. ಪಕ್ಕದ ಮನೆಯವರನ್ನು ಎಬ್ಬಿಸಬಹುದಿತ್ತು. ಅವರ ಬಾಗಿಲಿಗೂ ಇನ್ನೂ ಬೆಳಗಾಗಿಲ್ಲ ಎನಿಸಿತು. ನೀನು ಹಾಕಿದ ಗೆರೆ ನೋಡು, ಸಾಯುತ್ತಿದ್ದರೂ ದಾಟಲಿಲ್ಲ ಎಂದು ಅಕ್ಕನಿಗೆ ತೋರಿಸುವ ಕೆಟ್ಟ ಆಸೆಯೂ ಇತ್ತು. ಅದರ ಜೊತೆಗೇ, ಆಯಿ ಕತ್ತಲಲ್ಲಿ ಎದ್ದು ಕೂತು ಯಾರು ಹೋದರೋ ಎಂದು ನಡುಗುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಎದ್ದೆ. ಕೂತೆ. ನೀರು ಕುಡಿದೆ. ಮತ್ತೆ ಎದ್ದೆ. ಹಾಲಿನವನು ಬಂದು ಹೋದ. ಫೋನ್ ನೋಡಿದೆ, ಆರು ಇಪ್ಪತ್ತು. ಎಷ್ಟೋ ಹೊತ್ತಾಯಿತೆಂದು ಮತ್ತೆ ನೋಡಿದೆ, ಆರು ಇಪ್ಪತ್ತಮೂರು.

ಏಳಕ್ಕೆ ಸರಿಯಾಗಿ ಕಳಿಸಿದೆ. ಒಂದು ನಿಮಿಷದೊಳಗೆ ಅಕ್ಕನ ಫೋನ್.

"ಯಾವಾಗಿಂದ?"

"ಐದರಿಂದ."

"ಬಾಗಲಾ ತಗದ ಇಡು. ಬಂದೆ," ಎಂದಳು.

ಅಕ್ಕ ತನ್ನ ಗಂಡನನ್ನು ಕರೆದುಕೊಂಡು ಅವರ ಕಾರಿನಲ್ಲಿ ಬಂದಳು. ಅವರನ್ನು ನಾನು ಮಾಮಾ ಎನ್ನುತ್ತೇನೆ. ಚಿಕ್ಕೋಡಿಯ ಡಾಕ್ಟರು ಇಸಿಜಿ ತೆಗೆದು, ಎದೆಬಡಿತ ತಾಳ ತಪ್ಪಿದೆ, ತಡ ಮಾಡದೆ ಮಿರಜಕ್ಕೆ ಹೋಗಿ ಎಂದರು. ಅಂಕಲಿ ದಾಟಿ ಕೃಷ್ಣೆಯ ಸೇತುವೆ ಮೇಲೆ ಹೋಗುವಾಗಲೂ ಅಕ್ಕ ನನ್ನ ಮುಂಗೈ ಬಿಟ್ಟಿರಲಿಲ್ಲ.

ಮಿರಜದ ಆಸ್ಪತ್ರೆಯಲ್ಲಿ ಇಂಜೆಕ್ಷನ್, ಮಾನಿಟರ್, ಮೂಗಿಗೆ ಆಕ್ಸಿಜನ್. ಮಧ್ಯಾಹ್ನದ ಹೊತ್ತಿಗೆ ಬಡಿತ ಸ್ವಲ್ಪ ಇಳಿಯಿತು. ಆಗ ದೊಡ್ಡ ಡಾಕ್ಟರು ಬಂದರು. ವಯಸ್ಸಾದವರು, ಕನ್ನಡ ಮರಾಠಿ ಎರಡನ್ನೂ ಬೆರೆಸಿ ಮಾತಾಡುತ್ತಿದ್ದರು. ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಎಂದಿತು. ಗಂಟಲು ಮುಟ್ಟಿ ನೋಡಿದರು.

"ನಿದ್ದಿ ಯಾವಾಗಿಂದ ಇಲ್ಲ?"

"ಹದಿನೈದ ದಿನ ಆಗಿರಬೇಕ್ರಿ."

ಸುಳ್ಳು ಹೇಳಲಿಲ್ಲ. ನನಗೆ ಹಾಗೆಯೇ ಅನಿಸಿತ್ತು.

ಅಕ್ಕ ತನ್ನ ಫೋನ್ ತೆಗೆದು ನನ್ನ ಮೆಸೇಜುಗಳನ್ನು ಅವರ ಮುಂದೆ ಹಿಡಿದಳು. ಡಾಕ್ಟರು ಕನ್ನಡಕ ಏರಿಸಿ, ಏನು ಬರೆದಿದೆ ಎಂಬುದನ್ನು ಬಿಟ್ಟು, ಪಕ್ಕದಲ್ಲಿದ್ದ ಹೊತ್ತನ್ನು ಮಾತ್ರ ಓದಿದರು. "ಮೂರು ಹನ್ನೆರಡು. ಮೂರು ನಲವತ್ತು. ಎರಡು ಐವತ್ತೈದು. ಇದಕ್ಕೂ ಮೊದಲ ಇವರ ಮೆಸೇಜ್ ಎಷ್ಟಕ್ಕ ಬರ್ತಿದ್ದುವು?"

ಅಕ್ಕ ಹಿಂದೆ ಹಿಂದೆ ಹುಡುಕಿದಳು. "ಮಧ್ಯಾಹ್ನ ಊಟದ ಹೊತ್ತಿಗ್ರಿ. ದಸರಾ ಮುಗದ ಮ್ಯಾಲೆ ಹೊತ್ತು ತಪ್ಪೇತ್ರಿ."

"ಅಂದ್ರ ಮೂರ ತಿಂಗಳಾತು. ಹೇ ಸುದ್ಧಾ ಸಿಂಪ್ಟಮ್ ಆಹೇ, ತಂಗಿ. ಇದೂ ಬ್ಯಾನಿ ಲಕ್ಷಣನ."

ಅಕ್ಕ ಫೋನನ್ನು ಮಡಿಲಲ್ಲಿ ಬೋರಲು ಇಟ್ಟುಕೊಂಡಳು.

ಬ್ಲಡ್ ರಿಪೋರ್ಟ್ ಬಂತು. ಹೈಪರ್‌ಥೈರಾಯ್ಡ್. ಗಂಟಲಿನ ಗ್ರಂಥಿಯೊಂದು ಲಂಗುಲಗಾಮಿಲ್ಲದೆ ಕೆಲಸ ಮಾಡಿ ಇಡೀ ಮೈಯನ್ನು ಓಡಿಸುತ್ತಿತ್ತು. ನಾನು ಕಂಡಕ್ಟರ್ ಎಂದು ತಿಳಿದು ಡಾಕ್ಟರು, "ಗಾಡಿ ನಿಂತೈತಿ, ಇಂಜಿನ್ ರೇಸ್ ಆಗಾಕತ್ತೈತಿ, ಹಂಗ ತಿಳ್ಕೋರಿ," ಎಂದರು. ಬೆಳಗಿನ ಆ ಎರಡು ತಾಸಿನ ವಿಷಯ ಕೇಳಿ ಮಾತ್ರ ಅವರ ಮುಖ ಬಿಗಿಯಿತು. ಎದೆಬಡಿತ ತಪ್ಪಿದಾಗ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದಿತ್ತಂತೆ.

ನಾಲ್ಕು ದಿನ ಅಡ್ಮಿಟ್ ಆಗಿದ್ದೆ. ಬಸವರಾಜ ರಾತ್ರಿ ಇರುತ್ತಿದ್ದ, ಅಕ್ಕ ಹಗಲು. ಎರಡನೆಯ ದಿನ ಮೋಸಂಬಿ ಸುಲಿಯುತ್ತಾ ಅಕ್ಕ, "ನಾ ಏಳರೊಳಗ ಬ್ಯಾಡ ಅಂದೆ, ನೀ ಕುಂತ ಬಿಟ್ಟಿ," ಎಂದಳು.

"ನೀ ಮೆಸೇಜ್ ಬ್ಯಾಡ ಅಂದಿದ್ದಿ. ಫೋನ್ ಬ್ಯಾಡ ಅಂದಿರಲಿಲ್ಲ. ಹಟ ನಂದ."

"ಹಟ ಎಲ್ಲಿದು? ಬ್ಯಾನಿ ಅದು."

ಎಷ್ಟು ಬೇನೆ, ಎಷ್ಟು ಹಟ ಎಂಬುದು ನನಗೆ ಇನ್ನೂ ತಿಳಿದಿಲ್ಲ. ಬಸ್ಸಿನಲ್ಲಿ ಆ ಮುದುಕಿಯನ್ನು ಬೈದದ್ದು ಥೈರಾಯ್ಡೋ, ನಾನೋ? ಎಲ್ಲವನ್ನೂ ರೋಗದ ತಲೆಗೆ ಕಟ್ಟಿದರೆ ಹಗುರವಾಗುತ್ತದೆ. ಪೂರ್ತಿ ಕಟ್ಟಲು ಮನಸ್ಸು ಒಪ್ಪುವುದಿಲ್ಲ.

ಡಿಸ್ಚಾರ್ಜ್ ಆದ ಮೇಲೆ ಹದಿನೈದು ದಿನ ಅಕ್ಕೋಳದಲ್ಲಿದ್ದೆ. ಮೊದಲ ದಿನವೇ ಆಯಿ ಹತ್ತಿರ ಕರೆದು ಕೂರಿಸಿಕೊಂಡರು.

"ಮೆಸೇಜ್ ನನಗ ಓದಾಕ ಬರೂದಿಲ್ಲ ತಂಗಿ. ಟಿಂಗ್ ಅಂದ್ರ ಯಾರ್ ಹೋದ್ರೋ ಅಂತ ಎದಿ ಒಡಿತೈತಿ. ನೀ ಫೋನ್ ಹಚ್ಚು. ಯಾ ಹೊತ್ತಿಗರ ಹಚ್ಚು. ದನಿ ಕೇಳಿದ್ರ, ಬದಕ್ಯಾಳ ಅಂತ ಗೊತ್ತಾಗ್ತೈತಿ."

ಏಳಕ್ಕಿಂತ ಮೊದಲು ಮೆಸೇಜ್ ಇಲ್ಲ, ಅದು ಹಾಗೆಯೇ ಉಳಿಯಿತು. ಮೈಗೆ ತೊಂದರೆಯಾದರೆ ಫೋನ್.

ದಿನಾ ಮಾತ್ರೆ. ಈ ಮಾತ್ರೆಯಿಂದ ಅಪರೂಪಕ್ಕೆ ಬಿಳಿ ರಕ್ತಕಣ ಇಳಿಯುತ್ತದೆ, ಜ್ವರ ಅಥವಾ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ಬನ್ನಿ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಚಿಕ್ಕೋಡಿಗೆ ಮರಳಿದ ಎರಡನೆಯ ವಾರ, ಬೆಳಗಿನ ಐದೂವರೆಗೆ, ಗಂಟಲು ಕೆರೆಯಿತು. ಮೈ ಬಿಸಿ. ಬಸವರಾಜನನ್ನು ಎಬ್ಬಿಸಿದೆ. "ಮಾಮಾರ ಕಾರ್ ಬೇಕಾಗ್ತೈತಿ," ಎಂದ. ಫೋನ್ ಹಿಡಿದುಕೊಂಡು ಕೂತೆ. ಹೆಬ್ಬೆರಳು ಮುಂದೆ ಹೋಗದು. ಕೊನೆಗೆ ಒತ್ತಿದೆ.

ಎತ್ತಿದ್ದು ಆಯಿ.

"ಯಾರು?"

"ನಾ ಸುನಂದಾರಿ. ಜ್ವರಾ ಬಂದಾವ."

"ತಡಿ, ಎಬ್ಬಸ್ತೀನಿ," ಎಂದರು. ಅವರ ದನಿ ನಡುಗಲಿಲ್ಲ.

ಮಿರಜದಲ್ಲಿ ರಕ್ತ ನೋಡಿದರು. ಕೌಂಟ್ ಸರಿ ಇತ್ತು. ಬರೀ ನೆಗಡಿ. ಮಾತ್ರೆ ಮುಂದುವರಿಸಿ ಎಂದರು.

ಮರಳುವಾಗ ನಾಚಿಕೆಯಾಯಿತು. ಒಂದು ನೆಗಡಿಗೆ ಎರಡು ಮನೆಗಳನ್ನು ಎಬ್ಬಿಸಿದ್ದೆ. ಅಕ್ಕ ಬಾಯಿ ತೆರೆದು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಮಾಮಾ ಅಂಕಲಿಯಲ್ಲಿ ಕಾರು ನಿಲ್ಲಿಸಿ ಎಲ್ಲರಿಗೂ ಚಹಾ ತಂದರು. ಬಸವರಾಜ ಆಕಳಿಸುತ್ತಾ ಕಪ್ಪು ಹಿಡಿದುಕೊಂಡ. ಇನ್ನೂ ಒಂದೂವರೆ ವರ್ಷ ಮಾತ್ರೆ ಇದೆ. ಆಮೇಲೆ ಏನೋ, ಡಾಕ್ಟರೂ ಮಾತು ಕೊಟ್ಟಿಲ್ಲ. ಅಂದು ಮಾತ್ರ ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಮುಂಗೈ ಹಿಡಿದು ನಾಡಿ ನೋಡಿಕೊಂಡೆ. ನಿಧಾನವಾಗಿತ್ತು. ಮಾತ್ರೆಯಿಂದಲೋ, ಇವರಿಂದಲೋ.