ಎತ್ತಿನ ಗೊಟ್ಟದಲ್ಲಿ ಇಳಿದ ಎಣ್ಣೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುನಗುಂದದ ಹೊರಗಿರುವ ಖಾಸಗಿ ಕಾಲೇಜೊಂದರ ಮೈದಾನದಂಚಿನಲ್ಲಿ, ತಗಡಿನ ಶೆಡ್ಡಿನ ಮುಂದೆ ಲಗಮವ್ವ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಎದುರಿಗೆ ಹುಲ್ಲು ಕತ್ತರಿಸುವ ಟ್ರ್ಯಾಕ್ಟರು. ಎಮ್ಮೆಗರುವಿನಷ್ಟು ಎತ್ತರದ ಇದನ್ನು ವಿದ್ಯಾರ್ಥಿಗಳು ಮರಿ ಟ್ರ್ಯಾಕ್ಟರ್ ಎನ್ನುತ್ತಾರೆ. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿಯಾಗಿದೆ. ಬೆಚ್ಚಗಾದ ಎಣ್ಣೆ ಸಲೀಸಾಗಿ ಇಳಿಯುತ್ತದೆ. ಅವರ ಪಕ್ಕದಲ್ಲಿ ಬೋಲ್ಟು ಬಿಚ್ಚುವ ಒಂದು ಪಾನಾ, ಒಂದು ಬಿದಿರಿನ ಕೊಳವೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೋಧಿ ಹಿಟ್ಟಿನ ಉಂಡೆ.

ಇಂದು ಎಣ್ಣೆ ಬದಲಿಸುವ ದಿನ. ಒಂದು ಹನಿಯೂ ಆಚೀಚೆ ಆಗುವಂತಿಲ್ಲ.

ಹಳೆ ಎಣ್ಣೆ ಬಿಡುವ ಬೋಲ್ಟು ಈ ಯಂತ್ರದಲ್ಲಿ ಎಂಜಿನ್ನಿನ ಬುಡಕ್ಕೆ, ಚೌಕಟ್ಟಿನ ಒಳಮಗ್ಗುಲಿಗಿದೆ. ಬಿಚ್ಚಿದರೆ ಎಣ್ಣೆ ನೇರವಾಗಿ ಡಬ್ಬಿಗೆ ಬೀಳುವುದಿಲ್ಲ. ಚೌಕಟ್ಟಿನ ಮೇಲೆ ಹರಿದು, ಬ್ಲೇಡುಗಳನ್ನು ಮುಚ್ಚಿರುವ ತಗಡಿನ ಮೇಲಿಳಿದು, ಸಂದಿಯಲ್ಲಿ ಅಡಗಿ ಕೂಡುತ್ತದೆ. ಎಷ್ಟು ಒರೆಸಿದರೂ ಕೈಗೆ ಸಿಗದ ಕಡೆ ಸ್ವಲ್ಪ ಉಳಿದೇ ಉಳಿಯುತ್ತದೆ. ಆಮೇಲೆ ಗಾಡಿ ಹುಲ್ಲಿನ ಮೇಲೆ ಓಡುವಾಗ ಅದುರಿ ಅದುರಿ ತೊಟ್ಟಿಕ್ಕುತ್ತದೆ. ಅದು ಗೊತ್ತಾಗುವುದು ಕೆಲವು ದಿನಗಳ ಮೇಲೆ, ಹುಲ್ಲು ಸತ್ತಾಗ.

ಕಳೆದ ಚಳಿಗಾಲದಲ್ಲಿ ಹಾಗೇ ಆಯಿತು. ಖೋಖೋ ಪಂದ್ಯಕ್ಕೆ ಹೊರಗಿನ ತಂಡಗಳು ಬಂದಿಳಿದ ದಿನ, ಹಸಿರಿನ ನಡುವೆ ಉದ್ದಕ್ಕೆ ಒಂದು ಕಂದು ಗೆರೆ. "ಹಾವು ಹರದಾಡಿದಂಗ ಕಾಣತಿತ್ರಿ. ಬಂದವರೆಲ್ಲಾ ಅದನ್ನ ನೋಡಾವ್ರು. ನಾ ಸೆರಗ ಹೊಚ್ಚಗೊಂಡು ಶೆಡ್ಡಿನ್ಯಾಗ ಕುಂತಬಿಟ್ಟೆ" ಎನ್ನುತ್ತಾರೆ. ಮತ್ತೊಮ್ಮೆ ಹುಲ್ಲು ಸುಟ್ಟರೆ ಟ್ರ್ಯಾಕ್ಟರು ಬೇರೆಯವರ ಕೈಗೆ, ಲಗಮವ್ವ ಮತ್ತೆ ಪೊರಕೆಗೆ ಎಂದು ಆಡಳಿತ ಮಂಡಳಿ ಹೇಳಿತು.

ಪೊರಕೆ ಅವರಿಗೆ ಹೊಸದಲ್ಲ. ಇಲ್ಲಿಗೆ ಬಂದಿದ್ದೇ ಕಸ ಗುಡಿಸಲು. ನಿವೃತ್ತಿಯ ಅಂಚಿನಲ್ಲಿದ್ದ ಹಳೆ ಚಾಲಕ ದುರಗಪ್ಪ, ಬಿಡುವಿನಲ್ಲಿ ನಿಂತು ನೋಡುತ್ತಿದ್ದ ಇವರನ್ನು ಕರೆದು ಗಾಡಿ ಕಲಿಸಿದರು. "ಕಸಾ ಹೊಡಿಯೂವಾಗ 'ಏ ಇಕಿನ' ಅಂತಿದ್ರು. ಇದರ ಮ್ಯಾಲೆ ಕುಂತಮ್ಯಾಗ 'ಡ್ರೈವರವ್ವ' ಅಂತಾರ. ಈ ಸೀಟು ಬಿಡೂದು ನನಗ ಆಗೂದಿಲ್ರಿ."

ಉಪಾಯ ಹೊಳೆದದ್ದು ಮನೆಯ ಗೋಡೆಯ ಗೂಟ ನೋಡಿದಾಗ. ಅಲ್ಲಿ ಗೊಟ್ಟ ತೂಗುತ್ತಿತ್ತು: ಎತ್ತುಗಳಿಗೆ ಔಷಧ ಕುಡಿಸುವ, ಬಾಯಿ ಓರೆಯಾಗಿ ಕೊಯ್ದ ಬಿದಿರಿನ ಕೊಳವೆ. ಎತ್ತು ತಲೆ ಕೊಡವಿದರೂ ಔಷಧ ಚೆಲ್ಲದಂತೆ ಗಂಟಲಿಗೆ ಇಳಿಸುವ ಸಾಧನ. ಲಗಮವ್ವ ಅದರ ತಳದ ಗಿಣ್ಣು ಒಡೆದು ಎರಡೂ ಕಡೆ ಬಾಯಿ ಮಾಡಿದರು. ಗಂಡ ಮಲಕಪ್ಪನಿಗೆ ನಗು ತಡೆಯಲಾಗಲಿಲ್ಲ.

"ಯಾಕ, ನಿನ್ನ ಟ್ರ್ಯಾಕ್ಟರಿಗೆ ಹೊಟ್ಟಿ ಉಬ್ಬೇತೇನ?"

"ಹೂಂರಿ. ನೀವ ಬಂದು ಬಾಯಿ ಹಿಡೀರಿ."

ಮೊದಲ ಪ್ರಯತ್ನ ಮಳೆಗಾಲದಲ್ಲಿ. ಗೊಟ್ಟಕ್ಕೂ ಎಂಜಿನ್ನಿಗೂ ನಡುವೆ ಉಳಿದ ಸಂದಿಗೆ ಲಗಮವ್ವ ರೊಟ್ಟಿಗೆ ನಾದಿದ್ದ ಜೋಳದ ಹಿಟ್ಟು ಮೆತ್ತಿದರು. ಬಿಸಿಗೆ ಅದು ಬಿರುಕು ಬಿಟ್ಟು ಉದುರಿತು. ಎಣ್ಣೆ ಮತ್ತೆ ಚೌಕಟ್ಟು ಹಿಡಿಯಿತು. ಅಂದು ಗಾಡಿಯನ್ನು ಹುಲ್ಲಿಗೆ ಇಳಿಸದೆ ಸಂಜೆತನಕ ಕಡ್ಡಿಗೆ ಬಟ್ಟೆ ಸುತ್ತಿ ಒರೆಸುತ್ತ ಕುಳಿತರು. "ಎತ್ತಿನ ಔಷಧಾ ಆತು, ಈಗ ರೊಟ್ಟೀನೂ ತಿನಸಾಕತ್ತಿ" ಎಂದು ಮಲಕಪ್ಪ ಅಣಕಿಸಿದರೂ, ಮುಂದಿನ ಸಲಕ್ಕೆ ಜಿಗುಟಾಗಿ ಹಿಡಿಯುವ ಗೋಧಿ ಹಿಟ್ಟು ಬೀಸಿಸಿ ತಂದವರು ಅವರೇ.

ಈಗ ಶೆಡ್ಡಿನ ಬಳಿ ದೈಹಿಕ ಶಿಕ್ಷಕ ಪ್ರಾಣೇಶ ಬಂದು ಸ್ವಲ್ಪ ದೂರದಲ್ಲೇ ನಿಲ್ಲುತ್ತಾರೆ. ಲಗಮವ್ವ ಗೊಟ್ಟದ ಓರೆ ಬಾಯನ್ನು ಬೋಲ್ಟಿನ ಕೆಳಗೆ ತೂರಿಸಿ, ಸುತ್ತಲೂ ಹಿಟ್ಟು ಒತ್ತಿ, ಬೆರಳು ಒದ್ದೆ ಮಾಡಿಕೊಂಡು ಸವರುತ್ತಾರೆ. ಕೆಳಗೆ ಡಬ್ಬಿ. ಪಾನಾ ತಿರುಗುತ್ತದೆ. ಕರಿ ಎಣ್ಣೆ ಬಿದಿರಿನೊಳಗೆ ಇಳಿದು, ಇನ್ನೊಂದು ಬಾಯಿಂದ ಡಬ್ಬಿಗೆ ಧಾರೆಯಾಗಿ ಬೀಳುತ್ತದೆ. ಲಗಮವ್ವನ ಕಣ್ಣು ಧಾರೆಯ ಮೇಲಿಲ್ಲ, ಹಿಟ್ಟಿನ ಮೇಲಿದೆ. ಅದು ಬಿರುಕು ಬಿಡುವುದಿಲ್ಲ.

ಆದರೂ ಅವರಿಗೆ ನಂಬಿಕೆ ಬಂದಿಲ್ಲ. ಬೋಲ್ಟು ಬಿಗಿದು ಹೊಸ ಎಣ್ಣೆ ತುಂಬಿದ ಮೇಲೆ, ಸಿಮೆಂಟಿನ ನೆಲದ ಮೇಲೆ ಗಂಡನ ಹಳೆಯ ಬಿಳಿ ಧೋತರ ಹಾಸಿ, ಟ್ರ್ಯಾಕ್ಟರನ್ನು ಅದರ ಮೇಲೆ ತಂದು ನಿಲ್ಲಿಸುತ್ತಾರೆ. ಬ್ಲೇಡು ತಿರುಗಿಸದೆ ಎಂಜಿನ್ನಷ್ಟೇ ಓಡಿಸುತ್ತಾರೆ. ಗಾಡಿ ಗಡಗಡ ಅದುರುತ್ತದೆ. ಉದುರುವುದೆಲ್ಲ ಈಗಲೇ ಉದುರಿಬಿಡಲಿ ಎಂಬಂತೆ ಬಹಳ ಹೊತ್ತು ಹಾಗೇ ಬಿಡುತ್ತಾರೆ.

ಗಾಡಿ ಸರಿಸಿದಾಗ ಧೋತರದ ಮೇಲೆ ಚಕ್ರದ ಮಣ್ಣು, ಒಣ ಹುಲ್ಲಿನ ಚೂರು ಬಿಟ್ಟರೆ ಏನೂ ಇಲ್ಲ. ಲಗಮವ್ವ ಬಗ್ಗಿ ಅಂಗೈಯಿಂದ ಇಡೀ ಬಟ್ಟೆ ಸವರುತ್ತಾರೆ. ಅಂಗೈ ಮೂಸಿ ನೋಡುತ್ತಾರೆ.

"ಹತ್ರಿ ಲಗಮವ್ವ," ಪ್ರಾಣೇಶ ಅನ್ನುತ್ತಾರೆ. "ಹುಲ್ಲು ಮಣಕಾಲಮಟ ಬೆಳದೈತಿ."

"ತಡೀರಿ ಸರ, ಧೋತರ ಮಡಚತೇನಿ. ಮುಂದಿನ ಸಲಕ್ಕ ಬೇಕಲ್ಲ."

ಸೂರ್ಯ ಏರುವ ಹೊತ್ತಿಗೆ ಟ್ರ್ಯಾಕ್ಟರು ಮೈದಾನದ ನಡುವೆ, ಕಂದು ಗೆರೆಯಿದ್ದ ಜಾಗದಲ್ಲೇ ಹೋಗುತ್ತಿದೆ. ಅಲ್ಲಿ ಈಗ ಹೊಸ ಹುಲ್ಲು. ಇನ್ನೇನು ಆಸೆ ಎಂದು ಕೇಳಿದರೆ ಡ್ರೈವರವ್ವ ಹಿಂದೆ ತಿರುಗಿ, ತಾನು ಬಂದ ದಾರಿಯನ್ನು ಒಮ್ಮೆ ನೋಡಿಕೊಳ್ಳುತ್ತಾರೆ.

"ಆಡೂ ಹುಡುಗೂರು ಇಲ್ಲಿ ಬಿದ್ರ, ಅಂಗಿಗೆ ಹಸರ ಹತ್ತಬೇಕ್ರಿ. ಎಣ್ಣಿ ಹತ್ತಬಾರದು. ಅಷ್ಟ."