ಮೈನಸ್ ಲೆಕ್ಕಕ್ಕೆ ಕೂತ ಆಂಟಿ

ಅದೇ, ನಿನ್ನೆ ಹೇಳುತ್ತಿದ್ದೆನಲ್ಲ ಗೆಳೆಯರೇ, ಮೈನಸ್ ಲೆಕ್ಕ ಎಂದರೆ ಅಳುವ ನನ್ನ ಮೊಮ್ಮಗಳು ಇಸ್ಪೀಟಿನಲ್ಲಿ ಅದನ್ನೇ ನಗುತ್ತಾ ಮಾಡುತ್ತಾಳೆ ಎಂದು. ಕಪ್ಪು ಎಲೆ ಕೂಡಬೇಕು, ಕೆಂಪು ಎಲೆ ಕಳೆಯಬೇಕು, ಸೊನ್ನೆಗೆ ಹತ್ತಿರ ಬಂದವರು ಗೆದ್ದಂತೆ. ಇಂದು ಸಂಜೆ ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಪಾರ್ಕಿನ ಬೆಂಚಿನಲ್ಲಿ ಆಡುತ್ತಿದ್ದೆವು. ಪಕ್ಕದ ಮನೆಯ ಆಂಟಿ ವಾಕಿಂಗ್ ನಿಲ್ಲಿಸಿ ಬಂದರು. ಪ್ರತಿ ದೀಪಾವಳಿಗೂ ಶುಭವೆಂದು ಮನೆತುಂಬ ಜನ ಸೇರಿಸಿ, ದುಡ್ಡಿಟ್ಟು ಮೂರೆಲೆಯ ತೀನ್ ಪತ್ತಿ ಆಡಿಸುವವರು ಇವರೇ.

"ಅಂಕಲ್‌ಜೀ, ಬಚ್ಚೀಗೆ ಜೂಜು ಕಲಿಸ್ತಿದೀರಾ? ನಿಮ್ಮ ಬಹೂಗೆ ಹೇಳ್ತೀನಿ!"

ಸೊಸೆಗೆ ಇಸ್ಪೀಟು ಕಂಡರಾಗದು. ಅವಳಿಗೆ ತಿಳಿದರೆ ಎಲೆಗಳು ಕಸದ ಬುಟ್ಟಿಗೆ, ಹುಡುಗಿ ಮತ್ತೆ ಅಳುವುದಕ್ಕೆ. ನಾನು ಕಾಲೇಜಿನ ಇಂಗ್ಲಿಷ್ ಕೆದಕಿ, "ಮೇಡಂ, ದಿಸ್ ಈಸ್ ಅರಿಥ್ಮೆಟಿಕಲ್ ರಿಕ್ರಿಯೇಷನ್" ಎಂದೆ. ಮುಂದಿನ ವಾಕ್ಯ ನೆನಪಾಗಲಿಲ್ಲ. ನನ್ನವಳು ಇದ್ದಿದ್ದರೆ ಹಿಂದಿಯಲ್ಲೇ ಗೆದ್ದುಬಿಡುತ್ತಿದ್ದಳು.

ಅಷ್ಟರಲ್ಲಿ ಮೊಮ್ಮಗಳು ಅವರಿಗೂ ಎಲೆ ಹಾಕಿದಳು. "ಆಂಟಿ, ಬೈಠೋ ನಾ. ಈಸೀ ಹೈ."

ಆಂಟಿಗೆ ಕಪ್ಪು ಐದು, ಕೆಂಪು ಎಂಟು ಬಂತು. "ತೀನ್!" ಎಂದರು.

"ಮೈನಸ್ ತೀನ್, ಆಂಟಿ," ಎಂದಳು ಹುಡುಗಿ, ಚೂರೂ ತಡವರಿಸದೆ.

ಆಂಟಿ ಸೋತರು. ಮತ್ತೆ ಆಡಿ ಮತ್ತೆ ಸೋತರು. ಆಗಲೇ ಸೊಸೆ ಆಫೀಸಿನಿಂದ ಬಂದು ಎದುರು ನಿಂತಳು. ನಾನು ಕೈಯಲ್ಲಿದ್ದ ಎಲೆಗಳನ್ನು ಬೆನ್ನ ಹಿಂದೆ ಸರಿಸಿದೆ. ಆಂಟಿ ತಲೆ ಎತ್ತದೆ, "ಅರೇ ಬಹೂ, ಲೆಕ್ಕದ ಪಢಾಯಿ ನಡೀತಿದೆ, ಡಿಸ್ಟರ್ಬ್ ಮಾಡಬೇಡ" ಎಂದರು.

ಸೊಸೆ ಪಕ್ಕದಲ್ಲೇ ಕೂತು ನೋಡುತ್ತಿದ್ದಾಳೆ. ನಾನು ಇದನ್ನು ಟೈಪ್ ಮಾಡುತ್ತಿದ್ದೇನೆ. ಅಯ್ಯೋ, ಬೆಳಕು ಹೋಗುತ್ತಾ ಬಂತು. ಮಗು ಮನೆಗೆ ಹೊರಟಿದೆ, ಆಂಟಿ ಏಳುತ್ತಿಲ್ಲ.