ತವರಿಲ್ಲದ ಕೆರಿಯಪ್ಪ

ತ್ಯಾಗಲಿಯ ಕೆರಿಯಪ್ಪನಿಗೆ ಗದ್ದೆಯಿತ್ತು, ಕಬ್ಬಿತ್ತು, ಹಲ್ಲು ಕೂಡ ಮುಕ್ಕಾಲು ಪಾಲು ಇದ್ದವು. ತವರುಮನೆ ಒಂದಿರಲಿಲ್ಲ. ಗಂಡಸರಿಗೆ ಅದು ಇರುವುದಿಲ್ಲವೆಂಬುದು ಅವನಿಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುತ್ತದೆಯೇ?

ಹೆಂಡತಿ ದುರ್ಗಮ್ಮನಿಗೆ ಮನ್ಮನೆ ಎಂಬ ತವರೂರು ಇತ್ತು. ಅದೇನು ಏಳು ಸಮುದ್ರದಾಚೆಯ ಊರಲ್ಲ. ಅದೂ ಸಿದ್ದಾಪುರ ತಾಲೂಕೇ. ಇಲ್ಲಿ ಭತ್ತ ಮೇಯುವ ಹಂದಿಗಳ ನೆಂಟರೇ ಅಲ್ಲಿಯೂ ಮೇಯುತ್ತಾರೆ. ಆದರೆ ದುರ್ಗಮ್ಮನ ಬಾಯಲ್ಲಿ ಮನ್ಮನೆಯ ಬಾವಿನೀರು ಸಿಹಿ, ಮನ್ಮನೆಯ ಮಜ್ಜಿಗೆ ದಪ್ಪ, ಮನ್ಮನೆಯ ಹಲಸಿಗೆ ತೊಳೆ ಹೆಚ್ಚು. ಮೊಮ್ಮಕ್ಕಳಾದ ಮೇಲೂ ಹಿತ್ತಲ ಬಾಗಿಲಲ್ಲಿ ನಿಂತು, "ಈಗ ನಮ್ಮನೇಲಿ ಆಗಿದ್ರೆ..." ಎಂದು ಶುರು ಮಾಡುವಳು.

"ಹಂಗಾರೆ ಇದು ಯಾರ ಮನೆ?" ಎಂದು ಕೆರಿಯಪ್ಪ ಒಮ್ಮೆ ಕೇಳಿದ.

"ಇದು ನಿಮ್ಮನೆ. ಮತ್ತೆಂತ?"

ಮಾತಿಗಿಂತ ಅವನನ್ನು ಸುಡುತ್ತಿದ್ದುದು ಅವಳ ಮುಖ. ಮನ್ಮನೆ ಎಂದಾಗ ಅದು ಎಣ್ಣೆ ಹಾಕಿದ ದೀಪದಂತೆ ನಿಧಾನಕ್ಕೆ ಬೆಳಗುತ್ತಿತ್ತು. ಮದುವೆಯ ದಿನ ತನ್ನನ್ನು ನೋಡಿದಾಗಲೂ ಅಷ್ಟು ಬೆಳಗಿರಲಿಲ್ಲ. ಸಾಯುವುದರೊಳಗೆ ತ್ಯಾಗಲಿಯನ್ನು ನೆನೆದು ಒಮ್ಮೆ ಆ ಮುಖ ಆಗಬೇಕು, ತಾನು ಅದನ್ನು ನೋಡಬೇಕು. ಕೆರಿಯಪ್ಪನ ಆಸೆ ಇಷ್ಟೇ.

ಅದಾಗದಿದ್ದರೆ ತನಗಾದರೂ ನೆನೆಯಲಿಕ್ಕೆ ಒಂದು ಊರು ಬೇಕೆಂದು ಯಲ್ಲಾಪುರದ ಮಗಳ ಮನೆಗೆ ಹೋಗಿ ಕುಳಿತ. ಊರು ಬಿಟ್ಟರೆ ತಾನೇ ಊರಿನ ನೆನಪಾಗುವುದು? ಹಳೆಯ ನೆನಪನ್ನೇ ಕುದಿಸಿ ಬಡಿಸಿ ಹೊಟ್ಟೆ ಹೊರೆಯುವ ನಮ್ಮಂಥ ಬರೆಯುವವರಿಗೆ ಸುಲಭವಾಗಿ ಬರುವ ಈ ವಿದ್ಯೆ ಅವನಿಗೆ ಒಲಿಯಲಿಲ್ಲ. ಮಗಳು ದಿವ್ಯಾ, "ಊರಿನ ನೆನಪಾಗ್ತದಾ ಅಪ್ಪ?" ಎಂದು ಕೇಳಿದರೆ, "ಗದ್ದೆಗೆ ನೀರು ಬಿಟ್ಟಿದ್ದು ನೆನಪಾತು" ಎಂದು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದ.

ಕೊನೆಗೆ ಅವನ ಕಣ್ಣು ಬೆಲ್ಲದ ಮೇಲೆ ಬಿತ್ತು.

ಕೆರಿಯಪ್ಪನದು ಪ್ರತಿವರ್ಷದ ಆಲೆಮನೆ. ಕಬ್ಬು ಅರೆದು, ಕೊಪ್ಪರಿಗೆಯ ಮುಂದೆ ಕಣ್ಣು ಕೆಂಪಾಗುವವರೆಗೆ ಕುಳಿತು, ಹದ ನೋಡಿ ಜೇನಿನಂತೆ ಹರಿಯುವ ಜೋನಿ ಬೆಲ್ಲ ಇಳಿಸುತ್ತಿದ್ದ. ಆದರೂ ದುರ್ಗಮ್ಮನ ತಮ್ಮ ಮನೋಹರ ಮನ್ಮನೆಯಿಂದ ಒಂದು ಬಿಳಿ ಕ್ಯಾನಿನಲ್ಲಿ ಬೆಲ್ಲ ಕಳಿಸಬೇಕು. ಮನೆಯ ಬೆಲ್ಲದ ನೀಲಿ ಕ್ಯಾನು ಬಾಗಿಲ ಸಂದಿಯಲ್ಲಿ. ತವರಿನ ಬಿಳಿ ಕ್ಯಾನು ದೇವರ ಗೂಡಿನ ಪಕ್ಕದಲ್ಲಿ.

ಈ ವರ್ಷ ದುರ್ಗಮ್ಮ ಸಂಘದ ಸಭೆಗೆ ಹೋದಾಗ ಕೆರಿಯಪ್ಪ ಎರಡನ್ನೂ ಅದಲುಬದಲು ಮಾಡಿದ. ಮನ್ಮನೆಯ ಬೆಲ್ಲ ನೀಲಿಗೆ, ತನ್ನ ಬೆಲ್ಲ ಬಿಳಿಗೆ. ಮಾರನೆಯ ಬೆಳಿಗ್ಗೆ ಅವಳು ಬಿಳಿ ಕ್ಯಾನಿನಿಂದ ಬಗ್ಗಿಸಿಕೊಂಡು, ದೋಸೆ ಅದ್ದಿ ಬಾಯಿಗಿಟ್ಟಳು. ಕೆರಿಯಪ್ಪ ಉಸಿರು ಹಿಡಿದ.

"ನೋಡಿ," ಎಂದಳು ದುರ್ಗಮ್ಮ. "ನಮ್ಮ ಅಪ್ಪಯ್ಯನ ಕೈ ಬಾಯಿಗೆ ಬಂದಂಗೆ ಆತು." ಕಣ್ಣಲ್ಲಿ ನೀರೂ ಬಂತು.

ಕಬ್ಬು ಅವನದು, ಒಲೆ ಅವನದು, ಬೆವರು ಅವನದು; ಹೆಸರು ಮಾತ್ರ ಸತ್ತು ಹೋದ ಮಾವನಿಗೆ. ಹೇಳಿಬಿಡೋಣವೆಂದು ಬಾಯಿ ತೆರೆದವನು ಆ ಕಣ್ಣೀರನ್ನು ನೋಡಿ, ತೆರೆದ ಬಾಯಿಗೆ ದೋಸೆ ತುಂಬಿಕೊಂಡ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟ. ಅವರು ತಪ್ಪು ಮಾಡುವುದೇ ಇಲ್ಲ.

ಅದೇ ವಾರ, ಇನ್ನೂ ನಡೆಯುತ್ತಿದ್ದ ಮನೋಹರನ ಆಲೆಮನೆಗೆ ಕರೆ ಬಂತು. ಇಬ್ಬರೂ ಹೋದರು. ಕೆರಿಯಪ್ಪ ಜಗುಲಿಯಲ್ಲಿ ಕುಳಿತು, ಮನ್ಮನೆಯ ಬಾವಿನೀರು ಕುಡಿದು, ಸಿಹಿಯೇನೂ ಇಲ್ಲವೆಂದು ಮನಸ್ಸಿನಲ್ಲೇ ತೀರ್ಪು ಕೊಡುತ್ತಿದ್ದ. ಅಡುಗೆಮನೆಯಿಂದ ಮನೋಹರನ ಹೆಂಡತಿ ಹೊನ್ನಿಯ ದನಿ ಕೇಳಿಸಿತು.

"ಅತ್ತಿಗೆ, ಹೊಸ ಬೆಲ್ಲ ಹೆಂಗಾಗ್ಯದೆ?"

"ಚಲೋ ಆಗ್ಯದೆ. ಒಂಚೂರು ಹದ ಮುಂದೆ ಹೋತು ಅಷ್ಟೇ. ನಮ್ಮನೇಲಿ ಇವ್ರು ಒಲೆ ಬಿಟ್ಟು ಏಳೂದೇ ಇಲ್ಲ. ಮಕ ಸುಟ್ಟ ಬದನೇಕಾಯಿ ಆದ್ರೂ ಏಳೂದಿಲ್ಲ."

"ಶುರು ಆತು," ಎಂದಳು ಹೊನ್ನಿ. "ಬಂದಾಗೆಲ್ಲ ಇದೇ. ತ್ಯಾಗಲಿ ಬೆಲ್ಲ, ತ್ಯಾಗಲಿ ನೀರು, ತ್ಯಾಗಲಿ ಗಾಳಿ. ನಂಗಂತೂ ಆ ಊರು ಕಂಡ್ರೆ ಆಗೂದಿಲ್ಲ."

ಕೆರಿಯಪ್ಪ ದಡಬಡಿಸಿ ಎದ್ದು ಅಂಗಳಕ್ಕೆ ಹೋಗಿ ಕಿಟಕಿಯಲ್ಲಿ ಇಣುಕಿದ. ಕಂಡದ್ದು ದುರ್ಗಮ್ಮನ ತುರುಬು. ಇಷ್ಟು ವರ್ಷ ತಾನು ಕಾದಿದ್ದ ಆ ಮುಖ ಅತ್ತ ಕಡೆ ತಿರುಗಿತ್ತು. ಅದನ್ನು ಪೂರ್ತಿ ನೋಡುತ್ತಿದ್ದವಳು, ಅದರ ಬೆಲೆಯೇ ತಿಳಿಯದೆ ಕೊತ್ತಂಬರಿ ಬಿಡಿಸುತ್ತಿದ್ದ ಹೊನ್ನಿ. ಕೆರಿಯಪ್ಪನ ಹೊಟ್ಟೆಕಿಚ್ಚು ಮಾವನನ್ನು ಬಿಟ್ಟು ಅವಳ ಕಡೆ ಹೊರಳಿತು.

"ಎಂತ ಭಾವ, ಕಿಟಕೀಲಿ?" ಎಂದಳು ಹೊನ್ನಿ.

"ನೀರು ಬೇಕಾಗಿತ್ತು," ಎಂದ. "ಭಾರೀ ಸಿಹಿ ಅದೆ ನಿಮ್ಮೂರ ನೀರು."

ದುರ್ಗಮ್ಮ ತಿರುಗಿದಳು. ಅಷ್ಟರಲ್ಲಿ ಅದು ದಿನನಿತ್ಯದ ಮುಖವಾಗಿತ್ತು.

ತ್ಯಾಗಲಿಗೆ ಮರಳಿದ ಮೇಲೆ ಅವಳು ಮತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಶುರು ಮಾಡುವ ಮೊದಲೇ, ಕೆರಿಯಪ್ಪ ದೋಸೆಯ ಮುಂದೆ ಕುಳಿತು ನಿಟ್ಟುಸಿರು ಬಿಟ್ಟ.

"ಏನೇ ಹೇಳು, ಮನ್ಮನೆ ಬೆಲ್ಲದ ರುಚಿ ಇಲ್ಲಿ ಬರೂದಿಲ್ಲ."

ದುರ್ಗಮ್ಮನ ಕೈಯ ಸಟ್ಟುಗ ನಿಂತಿತು. "ಯಾಕೆ? ನಮ್ಮನೆ ಬೆಲ್ಲಕ್ಕೆ ಎಂತ ಆಗ್ಯದೆ?"

ನಮ್ಮನೆ. ಕೆರಿಯಪ್ಪ ದೋಸೆ ಹರಿಯುವುದನ್ನೇ ಮರೆತ.

"ಮಜ್ಜಿಗೆನೂ ಅಲ್ಲೀದೇ ದಪ್ಪ," ಎಂದ, ಇನ್ನಷ್ಟು ಕೇಳುವ ಆಸೆಗೆ.

"ಎರಡು ದಿನ ಉಂಡು ಬಂದ್ರೆ ನಾಲಿಗೇನೇ ಮಾರ್ಕೊಂಡು ಬರ್ತಾರಪ್ಪ ಗಂಡಸ್ರು," ಎನ್ನುತ್ತ ಅವಳು ಬಾಗಿಲ ಸಂದಿಯ ನೀಲಿ ಕ್ಯಾನನ್ನು ಎಳೆದು ತಂದು ಅವನ ತಟ್ಟೆಗೆ ಬಗ್ಗಿಸಿದಳು. "ಈಗ ತಿಂದು ಹೇಳಿ. ಇದರ ಮುಂದೆ ಮನ್ಮನೇದು ಎಂತ?"

ಕೆರಿಯಪ್ಪ ಮುಖವೆತ್ತಿ ನೋಡಿದ. ಸಿಟ್ಟಿನಲ್ಲಿಯೇ ಆದರೂ ಆ ಮುಖ ಬೆಳಗುತ್ತಿತ್ತು. ಅವನು ದೋಸೆ ಅದ್ದಿ ತಿಂದು, ತಲೆ ಆಡಿಸಿ, ಇದೇ ಚಲೋ ಎಂದು ಒಪ್ಪಿಕೊಂಡ. ನೀಲಿ ಕ್ಯಾನಿನೊಳಗಿನ ಮನೋಹರನ ಬೆಲ್ಲ ನಿಜಕ್ಕೂ ಚೆನ್ನಾಗಿತ್ತು. ಅದೊಂದು ಹೊಟ್ಟೆಕಿಚ್ಚು ಮಾತ್ರ ಉಳಿಯಿತು.